ಕಾಫಿ ಡಬ್ಬಿಯ ತೂಕ: ವಾರನ್ ಊರಿನ ಒಂದು ಗ್ಯಾರೇಜ್ ಸೇಲ್‌ನ ಲೆಕ್ಕ

ಅಮೆರಿಕದ ಮಿಶಿಗನ್ ರಾಜ್ಯದ ವಾರನ್ ಊರಿನಲ್ಲಿ ಮೇ ತಿಂಗಳ ಒಂದು ಶನಿವಾರ 585 ಡಾಲರ್ ಕೊಟ್ಟು ಕೊಂಡ ಹಳೆಯ ಉಪಕರಣಗಳು ಮುಂದಿನ ನಾಲ್ಕು ತಿಂಗಳಲ್ಲಿ 1,703 ಡಾಲರಿಗೆ ಮಾರಾಟವಾದವು. ಇಷ್ಟನ್ನೇ ಹೇಳಿ ಸುಮ್ಮನಾದರೆ ಕೇಳಿದವರೆಲ್ಲ ‘ಮೂರು ಪಟ್ಟು!’ ಎಂದು ಹುಬ್ಬೇರಿಸುತ್ತಾರೆ. ಖರ್ಚು ಕಳೆದು ಎಷ್ಟು ಉಳಿಯಿತು, ಯಾವುದರಲ್ಲಿ ಗೆದ್ದೆ, ಎಲ್ಲಿ ಮುಗ್ಗರಿಸಿದೆ ಎನ್ನುವುದು ಬೇರೆಯೇ ಕತೆ. ಆ ದಿನಗಳಲ್ಲಿ ಬರೆದಿಟ್ಟುಕೊಂಡ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಅದನ್ನು ಬರೆಯುತ್ತಿದ್ದೇನೆ.

ಗ್ಯಾರೇಜ್ ಸೇಲ್ ಎಂದರೆ ಮನೆಯವರು ತಮಗೆ ಬೇಡವಾದ ಸಾಮಾನನ್ನು ಮನೆಯ ಮುಂದೆ ಹರಡಿಕೊಂಡು ಮಾರುವುದು. ಕೆಲವು ಕಡೆ ಯಾರ್ಡ್ ಸೇಲ್ ಎನ್ನುತ್ತಾರೆ. ಮನೆಯ ಹಿರಿಯರು ತೀರಿಹೋದಾಗ ಇಡೀ ಮನೆಯನ್ನೇ ತೆರೆದು ಮಾರುವುದೂ ಉಂಟು. ಮಗ್ಗು, ಮಕ್ಕಳ ಸೈಕಲ್ಲು, ಕ್ರಿಸ್ಮಸ್ ದೀಪದ ಸರ ಎಲ್ಲ ಕಡೆಯೂ ಸಿಗುತ್ತವೆ. ಆದರೆ ಡೆಟ್ರಾಯಿಟ್ ಸುತ್ತಮುತ್ತ ಬೇರೆಡೆ ಸಿಗದ ಇನ್ನೊಂದು ಬಗೆಯ ಸಾಮಾನು ಸಿಗುತ್ತದೆ, ಮತ್ತು ಅದಕ್ಕೆ ಕಾರಣವಿದೆ.

ಬಿಲ್ಲೆ ಕೊಟ್ಟು ಪಡೆದವರು, ದುಡ್ಡು ಕೊಟ್ಟು ಕೊಂಡವರು

ಡೆಟ್ರಾಯಿಟಿನಿಂದ ಉತ್ತರಕ್ಕೆ ಹೊರಟು ಎಯ್ಟ್ ಮೈಲ್ ರಸ್ತೆ ದಾಟಿದರೆ ವಾರನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಟ್ಯಾಂಕುಗಳನ್ನು ತಯಾರಿಸಿದ ದೊಡ್ಡ ಕಾರ್ಖಾನೆ ಇಲ್ಲಿತ್ತು. ಜನರಲ್ ಮೋಟರ್ಸ್ ಕಂಪನಿಯ ತಾಂತ್ರಿಕ ಕೇಂದ್ರ ಈಗಲೂ ಇದೆ. ಇಂಥವುಗಳನ್ನು ನಂಬಿಕೊಂಡು ಲೋಹಕ್ಕೆ ಆಕಾರ ಕೊಡುವ ಡೈ, ಕೆಲಸದ ತುಂಡನ್ನು ಹಿಡಿದಿಡುವ ಜಿಗ್, ಫಿಕ್ಸ್ಚರ್ ಮಾಡಿಕೊಡುವ ಸಣ್ಣ ಸಣ್ಣ ಶಾಪುಗಳು ಸುತ್ತ ಬೆಳೆದವು. ಪೀಣ್ಯದ ಒಳರಸ್ತೆಗಳಲ್ಲಿ ಓಡಾಡಿದವರಿಗೆ ಆ ಶಾಪುಗಳ ಬಾಗಿಲಿನ ವಾಸನೆ ಹೊಸದೆನಿಸುವುದಿಲ್ಲ. ಅದೇ ಕೂಲೆಂಟ್, ಅದೇ ಕಾದ ಉಕ್ಕು.

ನಾನು ಟೂಲ್ ಅಂಡ್ ಡೈ ಕೆಲಸ ಕಲಿತದ್ದು ಬೆಂಗಳೂರಿನ ರಾಜಾಜಿನಗರದ ಸರ್ಕಾರಿ ಟೂಲ್ ರೂಮಿನಲ್ಲಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿ ಮೈಕ್ರೋಮೀಟರ್ ಬೇಕಾದರೆ ಸ್ಟೋರಿನ ಕಿಟಕಿಗೆ ಹೋಗಿ, ನಂಬರ್ ಕೊರೆದ ಬಿಲ್ಲೆ ಕೊಟ್ಟು ಪಡೆಯುತ್ತಿದ್ದೆವು. ಸಂಜೆ ಉಪಕರಣ ಹಿಂತಿರುಗಿಸಿದರೆ ಬಿಲ್ಲೆ ವಾಪಸು. ಆಮೇಲೆ ಕೆಲಸ ಮಾಡಿದ ಕಾರ್ಖಾನೆಯಲ್ಲೂ ಅದೇ ಪದ್ಧತಿ. ಅಳತೆಯ ಉಪಕರಣ ಕಾರ್ಖಾನೆಯ ಆಸ್ತಿ. ಅದು ಕೆಲಸಗಾರನ ಮನೆಗೆ ಹೋಗುವ ಪ್ರಶ್ನೆಯೇ ಇಲ್ಲ.

ಅಮೆರಿಕದಲ್ಲಿ ಹಾಗಲ್ಲ. ಇಲ್ಲಿನ ಟೂಲ್‌ಮೇಕರ್ ತನ್ನ ಮೈಕ್ರೋಮೀಟರನ್ನು, ಸ್ಕ್ವೇರನ್ನು, ಡಯಲನ್ನು ತಾನೇ ದುಡ್ಡು ಕೊಟ್ಟು ಕೊಳ್ಳುತ್ತಾನೆ. ಅಪ್ರೆಂಟಿಸ್ ಆಗಿದ್ದಾಗ ವಾರದ ಸಂಬಳದಿಂದ ಒಂದೊಂದಾಗಿ ಕೊಂಡು ಓಕ್ ಮರದ ಪೆಟ್ಟಿಗೆಯಲ್ಲಿ ಜೋಡಿಸುತ್ತಾನೆ. ನಿವೃತ್ತಿಯ ದಿನ ಆ ಪೆಟ್ಟಿಗೆ ಅವನ ಜೊತೆ ಮನೆಗೆ ಬಂದು ಗ್ಯಾರೇಜಿನ ಮೂಲೆ ಸೇರುತ್ತದೆ. ಇಪ್ಪತ್ತು ವರ್ಷದ ಮೇಲೆ ಅವನು ತೀರಿಕೊಂಡಾಗ ಅದರ ಕೀಲಿಯೂ ಯಾರಿಗೂ ಸಿಗುವುದಿಲ್ಲ, ಅದರಲ್ಲಿರುವುದರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ವಾರನ್‌ನಲ್ಲಿ, ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಇಂಥ ಮೂಲೆಗಳು ಬೇಕಾದಷ್ಟಿವೆ. ಬೆಂಗಳೂರಿನಲ್ಲಿ ಇದೇ ಉಪಕರಣ ಕಾರ್ಖಾನೆಯ ಹರಾಜಿನಿಂದ ನೇರ ಗುಜರಿಯವನ ಕೈ ಸೇರುತ್ತದೆ. ಅವನಿಗೆ ಬೆಲೆ ನನಗಿಂತ ಚೆನ್ನಾಗಿ ಗೊತ್ತು.

ಆ ಶನಿವಾರ

ಲೈಟ್ ಕಂಬಕ್ಕೆ ಅಂಟಿಸಿದ ರಟ್ಟಿನ ಮೇಲೆ ‘ಟೂಲ್ಸ್’ ಎಂದು ಬರೆದಿತ್ತು. ನಾನು ತಲುಪುವ ಹೊತ್ತಿಗೆ ಎಂಟು ಗಂಟೆ. ಇಬ್ಬರು ಆಗಲೇ ಬಂದಿದ್ದರು. ಎಂಬತ್ತರ ಆಸುಪಾಸಿನ ಅಜ್ಜಿ ಮಡಚುವ ಕುರ್ಚಿಯಲ್ಲಿ ಕುಳಿತಿದ್ದರು. ಅಳಿಯ ದುಡ್ಡಿನ ಡಬ್ಬಿ ನೋಡಿಕೊಳ್ಳುತ್ತಿದ್ದರು. ಅಜ್ಜಿಯ ಗಂಡ ಮೂವತ್ತೆಂಟು ವರ್ಷ ಟೂಲ್‌ಮೇಕರ್ ಆಗಿದ್ದವರು.

ಮೊದಲು ಬಂದ ಇಬ್ಬರೂ ಮರಗೆಲಸದ ಮೇಜಿನ ಹತ್ತಿರ ಇದ್ದರು. ಅಲ್ಲಿ ನಾಲ್ಕು ಸ್ಟ್ಯಾನ್ಲಿ ಉಜ್ಜುಗೊರಡುಗಳಿದ್ದವು. ಒಬ್ಬ ಪ್ರತಿಯೊಂದಕ್ಕೂ ಮೊಬೈಲ್ ಹಿಡಿದು ಚಿತ್ರ ತೆಗೆದು, ಪರದೆಯಲ್ಲಿ ಬಂದ ಬೆಲೆ ಓದಿ, ಕೆಳಗಿಡುತ್ತಿದ್ದ. ಈಗ ಎಲ್ಲ ಕಡೆಯೂ ಹೀಗೆಯೇ. ಅಚ್ಚಿನಲ್ಲಿ ಹೆಸರು ಮೂಡಿರುವ ವಸ್ತುವಿನ ಬೆಲೆ ಇಂದು ಯಾರಿಂದಲೂ ಮುಚ್ಚಿಡಲಾಗದು. ಸ್ಟ್ಯಾನ್ಲಿಯ ಒಂದನೆಯ ನಂಬರಿನ ಅಂಗೈಯಷ್ಟು ಗೊರಡು ಸಾವಿರ ಡಾಲರಿಗೂ ಮೀರಿ ಹೋಗುತ್ತದೆ ಎಂಬುದು ಹೈಸ್ಕೂಲು ಹುಡುಗನಿಗೂ ತಿಳಿದಿದೆ. ಅಂಥದು ಐದು ಡಾಲರಿಗೆ ಸಿಕ್ಕಿತು ಎಂಬ ಕತೆಗಳನ್ನು ಕೇಳಿ ಹೊರಟವರು ಮೂರು ಶನಿವಾರದಲ್ಲಿ ಸೋತು ಮನೆಯಲ್ಲಿ ಕೂರುತ್ತಾರೆ. ನನ್ನ ಕೆಲಸ ಮೊಬೈಲಿಗೆ ಕಾಣದ ವಸ್ತುಗಳ ಹತ್ತಿರ.

ಗ್ಯಾರೇಜಿನ ಒಳಗೆ ಓಕ್ ಪೆಟ್ಟಿಗೆ ಇತ್ತು. ಒಹಾಯೊದ ಡೇಟನ್ ಊರಿನಲ್ಲಿ 1906ರಿಂದ ಇಂಥ ಪೆಟ್ಟಿಗೆ ಮಾಡುತ್ತಿರುವ ಗರ್ಸ್ಟ್‌ನರ್ ಕಂಪನಿಯದು. ಹನ್ನೊಂದು ಖಾನೆ, ಒಳಗೆ ಹಸಿರು ಬಟ್ಟೆ, ಮುಚ್ಚಳದಲ್ಲಿ ಪುಟ್ಟ ಕನ್ನಡಿ, ನಡುವೆ ಮಷಿನಿಸ್ಟರ ದಪ್ಪ ಕೈಪಿಡಿ ಕೂರುವಷ್ಟೇ ಅಳತೆಯ ಒಂದು ಖಾನೆ. ಒಳಗಿದ್ದುದೆಲ್ಲ ಸೇರಿ 400 ಡಾಲರ್ ಎಂದು ಚೀಟಿ. ಖಾನೆಗಳನ್ನು ಒಂದೊಂದಾಗಿ ಎಳೆದೆ. ಮೂರು ಸ್ಟಾರೆಟ್ ಮೈಕ್ರೋಮೀಟರ್, ಅದೇ ಕಂಪನಿಯ ಕಾಂಬಿನೇಷನ್ ಸೆಟ್ಟಿನ ನಾಲ್ಕೂ ಭಾಗ, ಒಂದು ಜೊತೆ ವಿ ಬ್ಲಾಕ್, ಎಡ್ಜ್ ಫೈಂಡರ್, ಸಣ್ಣ ಸ್ಕ್ವೇರುಗಳು. ಹತ್ತಿ ಸುತ್ತಿದ ಪೊಟ್ಟಣದಲ್ಲಿ ಸೂಕ್ಷ್ಮ ಏರುಪೇರನ್ನು ಮುಳ್ಳಿನಿಂದ ತೋರಿಸುವ, ಸ್ವಿಸ್ ತಯಾರಿಕೆಯ ಇಂಟರಾಪಿಡ್ ಲಿವರ್ ಡಯಲ್.

ಲಿವರ್ ಡಯಲನ್ನು ಹೊಳಪು ನೋಡಿ ಕೊಳ್ಳಬಾರದು. ಎಡಗೈಯಲ್ಲಿ ಹಿಡಿದು, ಬಲಗೈಯ ಉಗುರಿನಿಂದ ಅದರ ಸಣ್ಣ ಗುಂಡುತುದಿಯನ್ನು ಹಗುರವಾಗಿ ತಳ್ಳಿ ಬಿಡಬೇಕು. ಮುಳ್ಳು ಹೊರಟ ಗೆರೆಗೇ ಬಂದು ನಿಲ್ಲಬೇಕು. ಎರಡನೆಯ ಸಲ, ಮೂರನೆಯ ಸಲ, ಇನ್ನೊಂದು ದಿಕ್ಕಿನಿಂದ ತಳ್ಳಿದಾಗಲೂ ಅದೇ ಗೆರೆ. ಒಮ್ಮೆ ಅರ್ಧ ಗೆರೆ ಆಚೆ ನಿಂತರೂ ಒಳಗೆ ಎಣ್ಣೆ ಗಟ್ಟಿಯಾಗಿದೆ ಅಥವಾ ಪಿವಟ್ ಸವೆದಿದೆ ಎಂದರ್ಥ. ರಿಪೇರಿಯ ಖರ್ಚು ಲಾಭವನ್ನು ನುಂಗುತ್ತದೆ. ಇದು ಮೂರು ಸಲವೂ ಸರಿಯಾಗಿ ಬಂತು. ಪೆಟ್ಟಿಗೆಯ ಬಗ್ಗೆ ಚೌಕಾಸಿ ಮಾಡಲು ಮನಸ್ಸಾಗಲಿಲ್ಲ. ಚೀಟಿಯಲ್ಲಿದ್ದಷ್ಟನ್ನೇ ಕೊಟ್ಟೆ.

ಬಾಗಿಲ ಹತ್ತಿರದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಗ್ರೀಸು ಮೆತ್ತಿದ, ಡ್ರಿಲ್ ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್‌ಗಳಿದ್ದವು. ಬಕೆಟ್ಟಿಗೆ ಇಪ್ಪತ್ತು ಡಾಲರ್. ಒಂದರ ಮೈಯಲ್ಲಿ ಕೀ ಹಾಕುವ ತೂತುಗಳಿರಲಿಲ್ಲ, ಅಂದರೆ ಕೈಯಿಂದಲೇ ಬಿಗಿಯುವ ಬಗೆ. ತೋಳನ್ನು ತಿರುಗಿಸಿದೆ, ಮೂರು ದವಡೆಗಳೂ ಸದ್ದಿಲ್ಲದೆ, ಎಲ್ಲೂ ತಡೆಯದೆ ಹೊರಬಂದವು. ಹೆಬ್ಬೆರಳಿನಿಂದ ಗ್ರೀಸು ಒರೆಸಿದ ಮೇಲೆ ಆಲ್ಬ್ರೆಕ್ಟ್ ಎಂಬ ಜರ್ಮನ್ ಹೆಸರು ಕಂಡಿತು. ಅದರ ಕೆಳಗೆ ಜೇಕಬ್ಸ್ ಕಂಪನಿಯ ಬಾಲ್ ಬೇರಿಂಗ್ ಚಕ್ ಮತ್ತೊಂದು. ಮೊಬೈಲ್ ಹಿಡಿದಿದ್ದವನು ಇದೇ ಬಕೆಟ್ಟನ್ನು ದಾಟಿಯೇ ಹೋಗಿದ್ದ. ಗ್ರೀಸಿನ ಚಿತ್ರ ತೆಗೆದರೆ ಗ್ರೀಸಿನದೇ ಬೆಲೆ ಬರುತ್ತದೆ.

ಇನ್ನು ಡಬ್ಬಿಗಳು. ಒಂದು ಪೌಂಡ್ ಕಾಫಿ ಪುಡಿ ಹಿಡಿಯುವ ಹಳೆಯ ತಗಡಿನ ಡಬ್ಬಿ ಮೂರು, ಬೆಂಚಿನ ಕೆಳಗೆ. ಒಂದೊಂದಕ್ಕೆ ಐದು ಡಾಲರ್. ಮೊದಲನೆಯದನ್ನು ಒಂದು ಕೈಯಿಂದ ಎತ್ತಲು ಹೋದೆ. ಮಣಿಕಟ್ಟು ಕೆಳಕ್ಕೆ ಜಗ್ಗಿತು. ಮುಕ್ಕಾಲು ಭಾಗ ಮಾತ್ರ ತುಂಬಿದ ಡಬ್ಬಿ ಉಕ್ಕಿನದಾಗಿದ್ದರೆ ಅಷ್ಟು ಭಾರ ಇರಲು ಸಾಧ್ಯವಿಲ್ಲ. ಮುಚ್ಚಳ ತೆಗೆದರೆ ಬೂದುಬಣ್ಣದ, ಮೂರು ಮೂಲೆಯ, ನಾಲ್ಕು ಮೂಲೆಯ ಚೂರುಗಳು. ವಿಡಿಯಾ!

ಪೀಣ್ಯದಲ್ಲಿ ದುಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಹ ಕತ್ತರಿಸುವ ತುದಿಗಳಿಗೆ ಬಳಸುವ ಟಂಗ್‌ಸ್ಟನ್ ಕಾರ್ಬೈಡಿಗೆ ನಾವು ಯಾವಾಗಲೂ ವಿಡಿಯಾ ಎನ್ನುತ್ತಿದ್ದೆವು. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಕೊಟ್ಟ ಹೆಸರು ಅದು. ‘ವಜ್ರದಂತೆ’ ಎಂಬ ಅರ್ಥದ ಎರಡು ಜರ್ಮನ್ ಪದಗಳನ್ನು ಕೂಡಿಸಿದ್ದು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಅದೇ ಹೆಸರಿನ ಕಾರ್ಖಾನೆ ಇತ್ತು, ಈಗ ಅದು ಅಮೆರಿಕದ ಕೆನ್ನಾಮೆಟಲ್ ಕಂಪನಿಯದು. ನಮ್ಮ ಶಾಪಿನ ಹುಡುಗನೊಬ್ಬ ರಿಜಿಸ್ಟರಿನಲ್ಲಿ ‘ವಿದ್ಯಾ ಟಿಪ್ 2’ ಎಂದು ಬರೆದು ವರ್ಷಗಟ್ಟಲೆ ನಗೆಪಾಟಲಾದದ್ದು ನೆನಪಿದೆ. ಈ ವಸ್ತು ಉಕ್ಕಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಭಾರ. ಅರದಿಂದ ತಿಕ್ಕಿದರೆ ಅರ ಜಾರುತ್ತದೆಯೇ ಹೊರತು ಕಚ್ಚುವುದಿಲ್ಲ. ಸವೆದು ಮುರಿದದ್ದಕ್ಕೂ ಸ್ಕ್ರ್ಯಾಪ್ ಕೊಳ್ಳುವವರು ಪೌಂಡಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ, ಏಕೆಂದರೆ ಅದರಲ್ಲಿರುವ ಟಂಗ್‌ಸ್ಟನ್ ಮತ್ತು ಕೋಬಾಲ್ಟನ್ನು ಮತ್ತೆ ಬೇರ್ಪಡಿಸಿಕೊಳ್ಳಬಹುದು.

ಎರಡನೆಯ ಡಬ್ಬಿಯಲ್ಲಿ ಮುಟ್ಟದ ಸರಕು: ಹತ್ತತ್ತು ಇನ್ಸರ್ಟ್ (ಬಳಸದ ಕಾರ್ಬೈಡ್ ಚೂರು) ಇರುವ ಪ್ಲಾಸ್ಟಿಕ್ ಪೆಟ್ಟಿಗೆ ಹನ್ನೊಂದು, ಮುದ್ರೆ ಸಮೇತ. ಮೂರನೆಯದನ್ನು ಎತ್ತಿಯೂ ನೋಡದೆ ಇವುಗಳ ಜೊತೆ ಸೇರಿಸಿಕೊಂಡೆ.

ಇಲ್ಲಿ ಅಳಿಯನ ಜೊತೆ ನಡೆದ ಮಾತನ್ನು ಬರೆಯಲೇಬೇಕು. ಅವರೇ ಕೇಳಿದರು: “ಆ ಡಬ್ಬಿಗಳಲ್ಲಿ ಏನಿದೆ? ಸೋಮವಾರ ಕಸಕ್ಕೆ ಹಾಕೋಣ ಅಂತಿದ್ದೆ.” ನಾನು ಇದ್ದದ್ದನ್ನೇ ಹೇಳಿದೆ. “ಇದು ಕಾರ್ಬೈಡು. ಮುರಿದದ್ದು ತೂಕಕ್ಕೆ ಹೋಗುತ್ತದೆ. ಈ ಹೊಸ ಪೆಟ್ಟಿಗೆಗಳನ್ನು ಸರಿಯಾದವರಿಗೆ ಮಾರಿದರೆ ಇನ್ನೂರು ಮುನ್ನೂರು ಡಾಲರ್ ಬರಬಹುದು.” ಅವರು ಡಬ್ಬಿಯೊಳಗೆ ಇಣುಕಿ ನಕ್ಕರು. “ಆ ಸರಿಯಾದವರನ್ನು ನಾನೆಲ್ಲಿ ಹುಡುಕಲಿ? ನೀವೇ ತೆಗೆದುಕೊಂಡು ಹೋಗಿ, ಹದಿನೈದು ಡಾಲರ್.”

ಗೊತ್ತಿದ್ದೂ ಸುಮ್ಮನಿದ್ದು ಕೊಳ್ಳುವುದು ಮೋಸವೇ ಎಂದು ಈ ಕಸುಬಿನ ಗೆಳೆಯರಲ್ಲಿ ಸದಾ ಚರ್ಚೆ. ಮಾರುವವರು ಬೆಲೆ ಬರೆದಿಟ್ಟ ವಸ್ತುವಿಗೆ ನಾನು ಪಾಠ ಹೇಳಲು ಹೋಗುವುದಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ. ಈ ಗೆರೆ ನನಗೆ ಸಾಕು, ಎಲ್ಲರಿಗೂ ಸಾಕೆನ್ನುವ ಹಟ ನನಗಿಲ್ಲ. ನಿಜ ಹೇಳಿದ್ದರಿಂದ ವಸ್ತು ಕೈತಪ್ಪಿದ್ದು ನನಗೆ ಈವರೆಗೆ ಎರಡೇ ಸಲ.

ಮುಗ್ಗರಿಸಿದ್ದು

ಹೊರಡುವಾಗ ಅಜ್ಜಿ ಕುರ್ಚಿಯ ಕೆಳಗಿನಿಂದ ಒಂದು ಮರದ ಪೆಟ್ಟಿಗೆ ತೆಗೆದರು. “ಇದು ಅವರು ಯಾರಿಗೂ ಮುಟ್ಟಲು ಕೊಡದಿದ್ದ ವಸ್ತು,” ಎಂದರು. ನೂರೈವತ್ತು ಡಾಲರ್. ತೆರೆದರೆ ನಿಖರ ಅಳತೆಗೆ ಬಳಸುವ ಉಕ್ಕಿನ ತುಂಡುಗಳ ಸ್ಲಿಪ್ ಗೇಜ್ ಸೆಟ್, ಎಂಬತ್ತೊಂದು ತುಂಡಿನದು. ಮುಚ್ಚಳದೊಳಗೆ ಜೊಹಾನ್ಸನ್ ಮತ್ತು ಫೋರ್ಡ್ ಎರಡೂ ಹೆಸರು.

ಹೆಸರು ಓದಿಯೇ ನಾನು ಅರ್ಧ ಸೋತಿದ್ದೆ. ಸ್ವೀಡನ್ನಿನ ಬಂದೂಕು ಕಾರ್ಖಾನೆಯ ಕೆಲಸಗಾರ ಸಿ. ಇ. ಜೊಹಾನ್ಸನ್ 1896ರಲ್ಲಿ ಕಂಡುಕೊಂಡ ಉಪಾಯ ಇದು: ಕೆಲವೇ ಉಕ್ಕಿನ ತುಂಡುಗಳನ್ನು ಬೇಕಾದಂತೆ ಕೂಡಿಸಿ ಸಾವಿರಾರು ಅಳತೆಗಳನ್ನು ಪಡೆಯುವುದು. 1923ರಲ್ಲಿ ಹೆನ್ರಿ ಫೋರ್ಡ್, ಜೊಹಾನ್ಸನ್ನರ ಅಮೆರಿಕದ ಕಂಪನಿಯನ್ನು ಕೊಂಡು ಡಿಯರ್‌ಬಾರ್ನ್‌ಗೆ ತಂದ. ವಾರನ್‌ನಿಂದ ಅರ್ಧ ಗಂಟೆಯ ದಾರಿ. ಇಲ್ಲಿನವರು ಇಂದಿಗೂ ಇವನ್ನು ಜೋ ಬ್ಲಾಕ್ ಎನ್ನುತ್ತಾರೆ. ಸೆಟ್ಟಿನ ಲೆಕ್ಕ ನನಗೆ ಬಾಯಿಪಾಠ: ಇಂಚಿನ ಹತ್ತು ಸಾವಿರದ ಒಂದು ಭಾಗದಷ್ಟು ಏರುವ ಒಂಬತ್ತು ತುಂಡು, ಸಾವಿರದ ಒಂದರಷ್ಟು ಏರುವ ನಲವತ್ತೊಂಬತ್ತು, ಐವತ್ತೈವತ್ತು ಸಾವಿರಾಂಶ ಏರುವ ಹತ್ತೊಂಬತ್ತು, ಕೊನೆಗೆ ಒಂದರಿಂದ ನಾಲ್ಕು ಇಂಚಿನವರೆಗೆ ನಾಲ್ಕು. ಎಣಿಸಿದೆ. ಎಂಬತ್ತೊಂದೂ ಇದ್ದವು. ದೊಡ್ಡ ನಾಲ್ಕು ತುಂಡುಗಳು ಕನ್ನಡಿಯಂತಿದ್ದವು. ದುಡ್ಡು ಕೊಟ್ಟೆ.

ಮಾಡಬೇಕಾಗಿದ್ದ ಒಂದೇ ಪರೀಕ್ಷೆಯನ್ನು ಮಾಡಲಿಲ್ಲ. ಒಳ್ಳೆಯ ಸ್ಲಿಪ್ ಗೇಜ್ ಎರಡನ್ನು ಒರೆಸಿ, ಒಂದರ ಮೇಲೊಂದನ್ನು ಅಡ್ಡಲಾಗಿ ಇಟ್ಟು, ಮೆಲ್ಲಗೆ ಒತ್ತುತ್ತ ತಿರುಗಿಸಿದರೆ ಅವು ಹಿಡಿದುಕೊಳ್ಳುತ್ತವೆ. ಅಂಟಿಲ್ಲ, ಅಯಸ್ಕಾಂತವಿಲ್ಲ, ಮೇಲಿನದನ್ನು ಹಿಡಿದೆತ್ತಿದರೆ ಕೆಳಗಿನದು ಜೊತೆಗೇ ಬರುತ್ತದೆ. ಮೈ ಅಷ್ಟು ಸಪಾಟಾಗಿದ್ದರೆ ಮಾತ್ರ ಹಾಗಾಗುವುದು. ಕಲಿಯುವಾಗ ಮೊದಲ ಸಲ ಇದನ್ನು ತೋರಿಸಿದ ಮೇಷ್ಟ್ರು ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: “ಬರಿಗೈಯಲ್ಲಿ ಮುಟ್ಟಿ ಹಾಗೇ ಪೆಟ್ಟಿಗೆಗೆ ಹಾಕಿದಿರೋ, ನಿಮ್ಮ ಹೆಬ್ಬೆಟ್ಟು ಅದರ ಮೇಲೆ ಶಾಶ್ವತ.”

ಮನೆಯಲ್ಲಿ ದೀಪದ ಕೆಳಗೆ ಸೆಟ್ಟು ಬಿಚ್ಚಿದಾಗ ಆ ಮಾತು ನೆನಪಾಯಿತು. ಹಿಂದಿನ ಸಾಲಿನ ತೆಳ್ಳನೆಯ ಹದಿನೇಳು ತುಂಡುಗಳ ಮೇಲೆ ಕಂದು ಬಣ್ಣದ ಹೆಬ್ಬೆರಳ ಗುರುತು. ಬೆವರಿನ ಉಪ್ಪು ತಿಂದು ಕೊರೆದದ್ದು. ಬೆರಳಿನ ಸುಳಿ ಕೂಡ ಎಣಿಸುವಷ್ಟು ಸ್ಪಷ್ಟ. ಒಂದನ್ನೊಂದು ಹಿಡಿಯಲಿಲ್ಲ; ಜಾರಿ ಮೇಜಿನ ಮೇಲೆ ಬಿದ್ದವು. ಯಾರಿಗೂ ಮುಟ್ಟಲು ಕೊಡದವರು ತಾವು ಮಾತ್ರ ಸಾಕಷ್ಟು ಮುಟ್ಟಿದ್ದರು. ಅಳತೆಗೆ ಬಾರದು, ಮಷಿನ್ ಸೆಟ್ಟಿಂಗಿಗೆ ಮಾತ್ರ ಎಂದು ತಪ್ಪುಗಳನ್ನೆಲ್ಲ ಚಿತ್ರಸಹಿತ ತೋರಿಸಿ ಅದನ್ನು 110 ಡಾಲರಿಗೆ ಮಾರಿದೆ. ಅಂದು ಮುಂಜಾನೆ ನಾನು ಕೊಂಡ ವಸ್ತುಗಳಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದದ್ದು ಇದೇ, ಮೂರನೆಯ ಡಬ್ಬಿಯೊಂದನ್ನು ಬಿಟ್ಟರೆ ಪರೀಕ್ಷಿಸದೆ ಕೊಂಡದ್ದೂ ಇದೇ.

ತೊಳೆದು ಮಾರಿದ್ದು

ಹಳೆಯ ಉಪಕರಣ ತಂದವರಿಗೆ ಮೊದಲು ಹುಟ್ಟುವ ಆಸೆ ಅದನ್ನು ಫಳಫಳ ಹೊಳೆಯಿಸುವುದು. ಬೆಲೆ ಸಾಯುವುದೂ ಅಲ್ಲೇ. ವರ್ಷಗಳ ಹಿಂದೆ ಒಂದು ಒಳ್ಳೆಯ ಗೊರಡನ್ನು ತಂತಿ ಬ್ರಷ್ಷಿನ ಚಕ್ರಕ್ಕೆ ಹಿಡಿದು, ಕೊಳ್ಳಲು ಬಂದವನಿಂದ ಸಹಾನುಭೂತಿಯ ನೋಟ ಪಡೆದವನು ನಾನು. ಈಗ ಸೀಮೆಎಣ್ಣೆ, ಹಳೆಯ ಟೂತ್‌ಬ್ರಷ್, ಮೆತ್ತನೆಯ ಬಟ್ಟೆ, ಕೊನೆಗೆ ತೆಳ್ಳಗೆ ಎಣ್ಣೆ, ಇಷ್ಟೇ. ಮೈಕ್ರೋಮೀಟರಿನ ಮೇಲೆ ಮರಳು ಕಾಗದ ಆಡಿಸಿದರೆ ಗೆರೆಗಳೇ ಹೋಗುತ್ತವೆ. ಹಿಂದಿನವರು ಕೊರೆದ ಇನಿಷಿಯಲ್ಲುಗಳನ್ನೂ ನಾನು ಅಳಿಸುವುದಿಲ್ಲ. ಕೆಲವರು ಅದಕ್ಕೆ ಹತ್ತು ಡಾಲರ್ ಕಡಿಮೆ ಕೇಳುತ್ತಾರೆ, ಕೇಳಲಿ.

ಓಕ್ ಪೆಟ್ಟಿಗೆಯನ್ನು ಪಾರ್ಸೆಲ್ ಮಾಡುವ ಸಾಹಸಕ್ಕೆ ಹೋಗದೆ, ಮನೆಗೇ ಬಂದು ಒಯ್ದ, ಚಾಕು ಮಾಡುವ ಹುಡುಗನಿಗೆ 375 ಡಾಲರಿಗೆ ಕೊಟ್ಟೆ. ಒಳಗಿನ ಸಾಮಾನು ಬಿಡಿಬಿಡಿಯಾಗಿ ಇಬೇ ಜಾಲತಾಣದಲ್ಲಿ 565 ಡಾಲರ್ ತಂದಿತು. ಅದರಲ್ಲಿ ಲಿವರ್ ಡಯಲ್ ಒಂದೇ 130. ಹಾಗಾಗಿ 400ರ ಪೆಟ್ಟಿಗೆ ಕೊಟ್ಟದ್ದು 940. ಬಕೆಟ್ಟಿನ ಎರಡು ಚಕ್ 235 ಡಾಲರಿಗೆ ಹೋದವು. ಮುರಿದ ಕಾರ್ಬೈಡು ಹನ್ನೆರಡು ಪೌಂಡ್ ತೂಗಿತು. ಆ ವಾರ ಸ್ಕ್ರ್ಯಾಪಿನವರು ಪೌಂಡಿಗೆ ಒಂಬತ್ತು ಡಾಲರ್ ಕೊಟ್ಟರು, ಒಟ್ಟು 108. ಹೊಸ ಇನ್ಸರ್ಟುಗಳು ನಂಬರ್ ಪ್ರಕಾರ ವಿಂಗಡಿಸಿದ ಮೇಲೆ 310. ಅಂದರೆ ಮೊಬೈಲ್ ಕಣ್ಣಿಗೆ ಬೀಳದ ಬಕೆಟ್ಟು ಮತ್ತು ಡಬ್ಬಿಗಳಿಗೆ ನಾನು ಕೊಟ್ಟದ್ದು 35 ಡಾಲರ್, ಬಂದದ್ದು 653.

ಈಗ ಕಳೆಯುವ ಲೆಕ್ಕ. ಇಬೇ ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಕೊಳ್ಳುವವನು ಕೊಡುವ ಅಂಚೆ ಖರ್ಚಿನ ಮೇಲೂ ಕಮಿಷನ್ ಹಿಡಿಯುತ್ತದೆ; ಅದು 185 ಡಾಲರ್. ರಟ್ಟು, ಬಬಲ್ ಹಾಳೆ, ಟೇಪು 38. ಅರಿಜೋನದ ಒಬ್ಬರು ಮೈಕ್ರೋಮೀಟರ್ ಸೊನ್ನೆಗೆ ನಿಲ್ಲುತ್ತಿಲ್ಲವೆಂದು ಹಿಂತಿರುಗಿಸಿದರು, ತಪ್ಪು ನನ್ನದೇ, ಹೋಗಿ ಬಂದ ಅಂಚೆ ಖರ್ಚು 22. ಪೆಟ್ರೋಲು 24. ಕೊಂಡ 585 ಮತ್ತು ಈ 269 ಕಳೆದರೆ ಉಳಿದದ್ದು 849 ಡಾಲರ್. ನೋಟ್‌ಬುಕ್ಕಿನ ಪ್ರಕಾರ ತೊಳೆದು, ಚಿತ್ರ ತೆಗೆದು, ಪ್ರಶ್ನೆಗಳಿಗೆ ಉತ್ತರ ಬರೆದು, ಅಂಚೆ ಕಚೇರಿಗೆ ಅಲೆದ ಹೊತ್ತು ನಲವತ್ತಾರು ಗಂಟೆ. ಗಂಟೆಗೆ ಹದಿನೆಂಟೂವರೆ ಡಾಲರಿಗೂ ತುಸು ಕಡಿಮೆ, ಅದೂ ಆದಾಯ ತೆರಿಗೆ ಕಟ್ಟುವ ಮೊದಲು. ಏನೂ ಸಿಗದೆ ಬರಿಗೈಯಲ್ಲಿ ಬಂದ ಶನಿವಾರಗಳನ್ನು ಇದಕ್ಕೆ ಸೇರಿಸಿಲ್ಲ. ಸೇರಿಸಲು ಧೈರ್ಯವಿಲ್ಲ.

ಭಾರವಾದ ಉಕ್ಕನ್ನು ಕಳುಹಿಸಲು ಇಲ್ಲಿನ ಅಂಚೆಯವರ ಒಂದೇ ದರದ ಪೆಟ್ಟಿಗೆ ದೊಡ್ಡ ಉಪಕಾರ. ಎಪ್ಪತ್ತು ಪೌಂಡಿನವರೆಗೆ ಏನು ತುಂಬಿದರೂ ಅದೇ ದರ. ಒಂದೇ ತೊಂದರೆ, ರಟ್ಟಿನ ಮೂಲೆ ಬಿರಿಯುತ್ತದೆ. ಒಳಗೆ ಇನ್ನೊಂದು ರಟ್ಟು ಮಡಚಿಟ್ಟರೆ ಸರಿ.

ಹೊಸದಾಗಿ ಬಂದ ಕನ್ನಡದ ಹುಡುಗರು ಇದನ್ನು ಕೇಳಿ ಉತ್ಸಾಹದಿಂದ ಬರುತ್ತಾರೆ. ಅವರಿಗೆ ನಾನು ಮೊದಲು ಕೇಳುವುದು ವೀಸಾದ ವಿಷಯ. ಎಚ್-1ಬಿ ಮೇಲಿರುವವರಿಗೆ ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ ಮಾತ್ರ ಅನುಮತಿ. ಮನೆಯ ಹಳೆಯ ಕುರ್ಚಿ ಮಾರುವುದು ಬೇರೆ, ವಾರ ವಾರ ಕೊಂಡು ಮಾರುವುದು ಬೇರೆ. ನಾನೂ ಗ್ರೀನ್ ಕಾರ್ಡ್ ಬರುವವರೆಗೆ ಕೊಳ್ಳುವುದಷ್ಟನ್ನೇ ಮಾಡಿದವನು; ಅದರ ಫಲವಾಗಿ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. “ಇದು ಮನೆಯೋ ಗುಜರಿಯೋ ಹೇಳಿಬಿಡಿ, ಬೋರ್ಡ್ ಬರೆಸುತ್ತೇನೆ,” ಎಂದು ನನ್ನಾಕೆ ಕೇಳಿದ್ದು ಆಗಲೇ.

ಮೂರನೆಯ ಡಬ್ಬಿಯ ವಿಷಯ ಬಾಕಿ ಉಳಿಯಿತು. ಅದರಲ್ಲಿ ಇದ್ದದ್ದು ತುಕ್ಕು ಹಿಡಿದ ಬೋಲ್ಟು, ವಾಷರು, ಯಾವುದೋ ಕಪಾಟಿನ ನಾಲ್ಕು ಕೀಲುಗಳು. ಸೆಪ್ಟೆಂಬರಿನಲ್ಲಿ ನಮ್ಮ ಬಡಾವಣೆಯವರೆಲ್ಲ ಸೇರಿ ಒಂದೇ ದಿನ ಗ್ಯಾರೇಜ್ ಸೇಲ್ ಇಟ್ಟರು. ನನ್ನಾಕೆ ಆ ಡಬ್ಬಿಗೂ ಐದು ಡಾಲರಿನ ಚೀಟಿ ಅಂಟಿಸಿ ಮೇಜಿನ ತುದಿಯಲ್ಲಿಟ್ಟಳು. ಎಂಟು ಗಂಟೆಗೆ ಟೊಪ್ಪಿ ಹಾಕಿದ ಮುದುಕರೊಬ್ಬರು ಬಂದರು. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ. ಬೇರೆ ಏನನ್ನೂ ನೋಡದೆ ನೇರವಾಗಿ ಡಬ್ಬಿಯ ಹತ್ತಿರ ಹೋಗಿ, ಮುಚ್ಚಳಕ್ಕೆ ಕೈ ಹಾಕದೆ, ಒಂದೇ ಕೈಯಲ್ಲಿ ಎತ್ತಿ ಒಂದು ಕ್ಷಣ ತೂಗಿ ನೋಡಿದರು. ನನ್ನ ಮುಖ ನೋಡಿದರು. ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಪಕ್ಕದ ಮನೆಗೆ ಹೊರಟರು.